ಮೂಗುತಿಗೊಂದು ಮೂಗು

ಗ್ರಿಮ್ಸ್‌ಬಿಯಲ್ಲಿ ಯಾವ ನಾತ ಬಂದರೂ
ಮೀನಿನ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ.
ಇದು ಮೀನಲ್ಲ ಎಂದವಳು ಡೋರೀನ್,
ನವೆಂಬರಿನ ಒಂದು ಬೆಳಗ್ಗೆ, ಸೀಟುಬೆಲ್ಟು ಎಳೆಯುತ್ತ:
"ನಿನ್ನ ಹೀಟರಿಗೆ ಏನೋ ಆಗಿದೆ, ಲವ್."

ನನಗೆ ಗೊತ್ತಾಗಿರಲಿಲ್ಲ.
ಎರಡು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು.
ಈಗ ನನ್ನ ಮೂಗು ಮೂಗುತಿಗೊಂದು ಮೊಳೆ, ಅಷ್ಟೆ.
ಒಗ್ಗರಣೆ ಸೀದದ್ದು ಕಣ್ಣುರಿದಾಗ ತಿಳಿಯುತ್ತದೆ,
ಹಾಲು ಕೆಟ್ಟದ್ದು ಚಹಾ ಒಡೆದಾಗ.

ಆಸ್ಪತ್ರೆಗೆ ರೋಗಿಗಳನ್ನು ಒಯ್ದು ತರುವ ಗಾಡಿ ನನ್ನದು.
ಮೂಗಿಲ್ಲದವಳು ಮೂಗುಗಳನ್ನು ಕಡ ಕೇಳಿದೆ.

"ಒದ್ದೆ ನಾಯಿ," ಎಂದಳು ಡೋರೀನ್.
ಎಂಟು ವರ್ಷದ ಕೈಡನ್, ಕಾಲಿಗೆ ಪ್ಲಾಸ್ಟರು, ಹೇಳಿದ:
"ಸತ್ತದ್ದು."
ಏನು ಸತ್ತದ್ದು?
"ಸಣ್ಣದು."
ಅವನ ತಾಯಿ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ,
ತನ್ನ ಶೂಗಳ ಅಡಿ ತಿರುಗಿಸಿ ನೋಡಿಕೊಂಡಳು.

ಟೆಟ್ನಿಯ ಹಾಲ್ಡೆನ್‌ಬಿ ಮುದುಕ,
ವಾರಕ್ಕೆ ಮೂರು ಸಲ ಡಯಾಲಿಸಿಸ್,
ಕಣ್ಣು ಮುಚ್ಚಿ ಎಳೆದುಕೊಂಡ, ಬಹಳ ಹೊತ್ತು.
"ಟಾಫಿ," ಎಂದ.

ಮೂರು ಸಾಕ್ಷಿ, ಒಂದಕ್ಕೊಂದು ತಾಳೆಯಿಲ್ಲ.
ಬಿಡಲಿಲ್ಲ ನಾನು. ಕೆಂಪು ದೀಪ ಬಂದಲ್ಲೆಲ್ಲ
ಗುಂಡಿ ತಿರುಗಿಸಿ ಕೇಳಿದೆ: ಈಗ? ಈಗ?
ಹೊರಗಿನ ಗಾಳಿ ಮುಚ್ಚಿದರೆ?
ಪಾದಕ್ಕೆ ಬಿಟ್ಟರೆ? ಗಾಜಿಗೆ ಬಿಟ್ಟರೆ?
ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ:
ಶುರುವಿಗೆ, ತಣ್ಣಗಿದ್ದಾಗ, ನಾಯಿ.
ಎಂಜಿನ್ ಕಾದ ಮೇಲೆ ಟಾಫಿ.
ಫ್ಯಾನು ಮೂರಕ್ಕಿಟ್ಟರೆ ಸತ್ತದ್ದು.

ಯಾರೂ ಸುಳ್ಳು ಹೇಳಿರಲಿಲ್ಲ.

ಝ್ಬಿಗ್ನೆವ್ ಎಂಬ ಮೆಕ್ಯಾನಿಕ್
(ಝ್ಬಿಶೆಕ್ ಎಂದು ಕೂಗಿದರೆ ಬರುತ್ತಾನೆ)
ಚೀಟಿ ಓದಿ ನಗಲಿಲ್ಲ.
ಮುಂಗಾಜಿನ ಒಳಮೈ ಬೆರಳಿನಿಂದ ಒರೆಸಿ ನನಗೆ ತೋರಿಸಿದ:
ಜಿಡ್ಡು. ಬೆಲ್ಲದ ಪಾಕ ಎಳೆಗೆ ಬಂದಂತೆ.
ಇಷ್ಟು ದಿನ ಅದನ್ನು ಮಂಜು ಎಂದುಕೊಂಡು ಉಜ್ಜುತ್ತಿದ್ದೆ.
ಎಡಸೀಟಿನ ಕೆಳಗೆ ಕಾರ್ಪೆಟ್ಟು ತೊಯ್ದಿತ್ತು.
ನೆಕ್ಕಿ ನೋಡಲು ಹೋದ ನನ್ನ ಕೈಗೆ ಪಟ್ಟೆಂದು ಹೊಡೆದ:
"ವಿಷ. ಸಿಹಿ ವಿಷ."
ಹೀಟರಿನ ಎದೆಗೂಡು ತೂತಾಗಿ ಕೂಲೆಂಟು ಸೋರುತ್ತಿತ್ತು.

ನಾಯಿ ಎಂದರೆ ಎಲೆ ಕೊಳೆತು ಕಟ್ಟಿಕೊಂಡ ನೀರಿನ ಕೊಳವೆ,
ಬೂಷ್ಟು ಹಿಡಿದ ಫಿಲ್ಟರು.
ಆಮೇಲೆ ಡ್ಯಾಶಿನ ಹೊಟ್ಟೆ ಬಿಚ್ಚಿ ಫ್ಯಾನು ಇಳಿಸಿದ.

ಸಣ್ಣದು. ಕೈಡನ್ ಹೇಳಿದ ಹಾಗೆಯೇ ಸಣ್ಣದು,
ಬಾಲ ಸುತ್ತಿಕೊಂಡು ಒಣಗಿತ್ತು.
ಅದರ ಹಾಸಿಗೆಯಲ್ಲಿ ಫಿಲ್ಟರಿನ ಕಾಗದ,
ಯಾರದೋ ಅಪಾಯಿಂಟ್‌ಮೆಂಟಿನ ಅರ್ಧ ತಾರೀಖು,
ಹೋದ ಚಳಿಗಾಲ ಡೋರೀನ್ ಹುಡುಕಿ ಹುಡುಕಿ ಬಿಟ್ಟ
ಎಡಗೈ ಗವಸಿನ ಕೆಂಪು ಉಣ್ಣೆ,
ನಾನು ಬಾಗಿಲ ಜೇಬಿನಲ್ಲಿಟ್ಟ ಸೋಂಪು, ಮುಷ್ಟಿಯಷ್ಟು.
ಕಾಳು ಕಾಳಾಗಿ ಹೊತ್ತಿದೆ ನನ್ನ ಕಣ್ಣೆದುರೇ.

ಬಿಲ್ಲು ನಾಲ್ಕುನೂರ ಹನ್ನೆರಡು ಪೌಂಡು.
ಇಲಿಗೆ ದುಡ್ಡಿಲ್ಲ ಎಂದ ಝ್ಬಿಶೆಕ್.

ಸೋಮವಾರ ಡೋರೀನ್ ಮೂಸಿ ಹೆಬ್ಬೆರಳೆತ್ತಿದಳು.
ಗವಸಿನ ಸುದ್ದಿ ನಾನು ಹೇಳಲಿಲ್ಲ.
ಕೈಡನ್‌ಗೆ ಹೇಳಿದೆ. ಗೆದ್ದವನ ಮುಖ.

ಹಾಲ್ಡೆನ್‌ಬಿ ಹತ್ತಿದ, ಕೋಲು ಮಡಿಸಿದ,
ಕಣ್ಣು ಮುಚ್ಚಿದ, ಎಳೆದುಕೊಂಡ.
ಮತ್ತೆ ಎಳೆದುಕೊಂಡ.
"ಹೋಯ್ತಾ?"
ಹೋಯ್ತು ಎಂದೆ.

ವೈದ್ಯರು ಸಿಹಿ ಬಿಡಿಸಿ ಆರು ವರ್ಷವಂತೆ.
ಕ್ಲೀತೋರ್ಪ್ಸ್‌ನ ಅಂಗಡಿಯ ಹಿಂದೆ, ತಾಮ್ರದ ಬಾಣಲೆಯಲ್ಲಿ
ಅಕ್ಕ ಟಾಫಿ ಕಾಸುತ್ತಿದ್ದಳಂತೆ, ಇವನು ತಿರುವುತ್ತಿದ್ದನಂತೆ.
ಹೇಗಿರುತ್ತಿತ್ತು ಅದು? ಕೇಳಿದೆ.
ಬೆಣ್ಣೆ, ಎಂದ. ಅಲ್ಲ, ಬೆಣ್ಣೆ ಸೀಯುವ ಸ್ವಲ್ಪ ಮುಂಚೆ.
ಅದೂ ಅಲ್ಲ, ತಡಿ.

ತಡೆದೆ. ರೌಂಡಬೌಟಿಗೆ ಒಂದು ಸುತ್ತು ಹೆಚ್ಚೇ ಹಾಕಿದೆ.
ಆಸ್ಪತ್ರೆಯ ಬಾಗಿಲು ಬಂದರೂ ಅವನಿಗೆ ಮಾತು ಸಿಕ್ಕಿರಲಿಲ್ಲ,
ಕಾಲಿಗೆ ಬಿಸಿಗಾಳಿ ಬರುತ್ತಿತ್ತು.
ಬುಧವಾರ ಹೇಳುತ್ತೇನೆ ಎಂದು ಇಳಿದ.