ನೆಲಕ್ಕೊಂದು ತಂತಿ

ಹೈದರಾಬಾದಿನ ಹರಾಜಿನಾಗ ಹಿಡಕೊಂಡು ಬಂದಾನ,
ಸಿನಿಮಾದವರು ಬಣ್ಣ ಹಚ್ಚಿಕೊಳ್ಳೋ ಟ್ರೇಲರು.
ಕನ್ನಡಿ ಸುತ್ತ ಹನ್ನೆರಡು ಬಲ್ಬು, ಒಂದು ಹಳೇ ಎಸಿ,
ಮಡಚೋ ಮಂಚ. ಮೂವತ್ತೊಂದು ವರ್ಷ
ಮಂದಿಯ ಸಿಮೆಂಟು ಹೊತ್ತ ಲಾರಿ ಡ್ರೈವರ್
ಈಗ ನನಗ ಊರು ತೋರಸ್ತಾನಂತ.

ಚಿದ್ರಿಯೊಳಗ ನಮ್ಮ ಗೇಟಿನ ಮುಂದ ನಿಂತದ ಅದು,
ಓಣಿಯ ಅರ್ಧ ಬೆಳಕು ತಿಂದು.

ಅಡುಗಿಮನಿ ಕಿಟಕಿಯಿಂದ, ಮಿಕ್ಸರಿನ ಪ್ಲಗ್ಗಿನಿಂದ
ವೈರು ಎಳದ. ಸುರುಳಿ ಸುತ್ತಿದ್ದು ಸುತ್ತಿದಂಗ,
ಮೂರನೇ ಕಡ್ಡಿ ಮುರಿದ ಪಿನ್ನು.
"ನಡೀತದ" ಅಂದ.
ಲಾರಿಯವರಿಗೆ ಎಲ್ಲಾ ನಡೀತದ.

ಜೈರಾಬಿ ಬಂದಳು, ಐಟಿಐ ಕಲಿತಾಕಿ,
ಕಿವಿಯ ಮ್ಯಾಲ ಪೆನ್ಸಿಲ್.
ಬಾಗಿಲಿಗೆ ಟೆಸ್ಟರ್ ಹಚ್ಚಿದರ
ಸಣ್ಣದೊಂದು ಕೆಂಪು ಕಣ್ಣು ತೆರೀತು.
ಮೇನ್ ಆಫ್ ಮಾಡಿ ಸುರುಳಿಗೆ ಹಿಂಗೈ ತಾಗಿಸಿದಳು,
ಕೂಸಿನ ಜ್ವರ ನೋಡಿದಂಗ. ಸುಡತಿತ್ತು.

"ಕಾಕಾ, ಇದರ ಮೈಯೆಲ್ಲಾ ತಗಡು, ಕಾಲು ರಬ್ಬರ್.
ನೆಲ ಮುಟ್ಟೇ ಇಲ್ಲ ಇದು.
ಕರೆಂಟಿಗೆ ಇಳಿಯಾಕ ದಾರಿ ಬೇಕು.
ಹಸೀ ಕಾಲಿಲೆ ಕಾಕು ಬಾಗಿಲು ಹಿಡದರ
ಕಾಕುನೇ ದಾರಿ."

ಅಂವ ನನ್ನ ಕಾಲು ನೋಡಿದ.
ಭಾಂಡೆ ತಿಕ್ಕಿ ಬಂದಿದ್ದೆ.
ಲಗ್ನ ಆದ ಮ್ಯಾಲ ಹಿಂಗ ನೋಡಿದ್ದು ನೆನಪಿಲ್ಲ.
"ಚಪ್ಪಲಿ ಹಾಕ್ಕೋ" ಅಂದ.

ಗೇಟಿನ ಬಾಜೂಕ ಕುಣಿ ತೋಡಿದರು.
ಬೀದರದ ಕೆಂಪು ಕಲ್ಲು, ಹಾರಿ ಬಿದ್ದಲ್ಲೆಲ್ಲಾ ಕಣ್ ಕಣ್.
ಇದ್ದಿಲು, ಉಪ್ಪು, ಇದ್ದಿಲು, ಉಪ್ಪು, ನಡುವ ಪೈಪು.
ಮೀಟರಿನಿಂದ ಬ್ಯಾರೇನೇ ದಪ್ಪ ವೈರು,
ಸೋರಿದರ ತಾನಾಗೇ ಬೀಳೋ ಸ್ವಿಚ್ಚು.

ಒಂದು ತುದಿ ಫೇಸಿಗೆ, ಒಂದು ಪೈಪಿಗೆ,
ನಡುವ ನೂರರ ಬಲ್ಬು ಹಚ್ಚಿದಳು.
ಮಬ್ಬು. ಚಾಳೀಸು ಮರೆತ ಕಣ್ಣಿನಂಗ.
"ನೆಲ ಇನ್ನಾ ಒಪ್ಪಿಲ್ಲ," ಅಂದಳು, "ನೀರು ಹಾಕ್ರಿ."

ನಾಕು ಕೊಡ. ಮರುದಿನ ಎರಡು.
ಮೂರನೇ ದಿನ ಬಲ್ಬು ಕಣ್ಣು ಕುಕ್ಕಿತು.

ಹೋದ ಶುಕ್ರವಾರ ಬಸವಕಲ್ಯಾಣಕ್ಕ ಹೋಗಿ ಬಂದ್ವಿ.
ಹೊರಡೋ ಮೊದಲು, ಬಾಯಿಪಾಠ ಒಪ್ಪಿಸಿದಂಗ,
"ಪೈಲೆ ಸ್ವಿಚ್ಚು, ಆಮ್ಯಾಲ ಪ್ಲಗ್ಗು" ಅಂದುಕೋತ ಕಿತ್ತ.

ಟ್ರೇಲರ್ ಇರಲಿ, ಬಿಡಲಿ,
ಮುಂಜಾನೆದ್ದು ಪೈಪಿಗೊಂದು ತಂಬಿಗಿ ಸುರೀತೀನಿ.
ಬಾಜೂ ಮನಿ ಚಂಪಾಬಾಯಿ ಎಂಟು ದಿನ ನೋಡಿ
ಕೇಳೇ ಬಿಟ್ಟಳು: "ಏನು ನಟ್ಟೀರಿ ವೈನಿ?
ಇನ್ನಾ ಚಿಗತೇ ಇಲ್ಲಲ್ಲ."