ಜೊತೆಗೆ ಮೂರು ಟನ್

ಸಂತೇಪೇಟೆಯ ನಮ್ಮ ಗುಜರಿಯಲ್ಲಿ
ಕಬ್ಬಿಣಕ್ಕೆ ಕಿಲೋ ಲೆಕ್ಕ, ಹಿತ್ತಾಳೆಗೆ ಗ್ರಾಂ ಲೆಕ್ಕ,
ಮಾತಿಗೆ ಲೆಕ್ಕವಿಲ್ಲ.

ಪಿಗ್ಮಿ ವಸೂಲಿಯ ಓಬಳೇಶ ಬಂದ.
ಹೋದ ತಿಂಗಳು ಹಳೇ ಓಮ್ನಿ ಕೊಂಡಿದ್ದಾನೆ,
ಹಾಲಿನ ಗಾಡಿಯಾಗಿದ್ದದ್ದು, ಸೀಟಿಗೆ ಇನ್ನೂ ಹುಳಿಮೊಸರಿನ ವಾಸನೆ.
ಸೈಲೆನ್ಸರು ತೂತು. ಮೆದೇಹಳ್ಳಿ ರಸ್ತೆಯಲ್ಲಿ
ಅವನಿಗಿಂತ ಮುಂಚೆ ಅವನ ಸದ್ದು ಬರುತ್ತದೆ.
'ಮೆಕ್ಯಾನಿಕ್ಕು ಎರಡು ಸಾವಿರ ಅಂತಾನೆ ಅಕ್ಕಾ,
ನಾನೇ ಕೆಳಗೆ ತೂರಿ ಬಿಚ್ಚಿಬಿಡ್ತೀನಿ.
ಎತ್ತೋಕೆ ಜಾಕು ಐತೆ,
ನಿಲ್ಸೋಕೆ ಏನಾರ ಕೊಡು, ಅಗ್ಗದ್ದು.
ಇಲ್ಲಾಂದ್ರೆ ನಾಕು ಸೈಜುಗಲ್ಲು ಇಟ್ಕೊಂಡ್ರಾಯ್ತು,
ದುರ್ಗದಾಗೆ ಕಲ್ಲಿಗೇನು ಬರವೇ?'

ಅವನ ಬೆನ್ನ ಹಿಂದೆ ಬೆಟ್ಟ.
ಆನೆಯಂಥ ಬಂಡೆ ಹೆಬ್ಬೆರಳಂಥ ಕಲ್ಲಿನ ಮೇಲೆ
ಯಾವ ಕಾಲದಿಂದಲೋ ಕೂತು ಬಿಸಿಲು ಕಾಯಿಸುತ್ತಿದೆ.
ನೋಡಿದವರಿಗೆಲ್ಲ ಅದೇ ಮರುಳು,
ಕಲ್ಲು ಕೈಬಿಡುವುದಿಲ್ಲ ಅಂತ.
ಉರುಳಿದ ಬಂಡೆಗಳನ್ನು ಯಾರೂ ಎಣಿಸಲಿಲ್ಲ;
ಅವಕ್ಕೆ ಒರಗಿಸಿ ನಾವು ಗೋಡೆ ಎಬ್ಬಿಸಿದ್ದೇವೆ.

ಮೂಲೆಯಲ್ಲಿ ಒಂದು ಜೊತೆ ಸ್ಟ್ಯಾಂಡು ಬಿದ್ದಿತ್ತು,
ಮುಚ್ಚಿದ ಗ್ಯಾರೇಜಿನ ಲೋಡಿನಲ್ಲಿ ಬಂದದ್ದು.
ಕೆಂಪು ಬಣ್ಣ ಹೊಸದು. ಅದೇ ನನಗೆ ಹಿಡಿಸಲಿಲ್ಲ.
ಉಗುರಿನಿಂದ ಕೆರೆದೆ. ಬೆಸುಗೆಯ ಬುಡದಲ್ಲಿ
ಕೂದಲೆಳೆಯಷ್ಟು ಸೀಳು,
ಚಳಿಗೆ ಒಡೆದ ಹಿಮ್ಮಡಿಯ ಹಾಗೆ.
ಕಂಬ ಮೇಲೆಳೆದು ಬಿಟ್ಟೆ:
ಮೂರನೇ ಹಲ್ಲು ಕಚ್ಚಿತು, ನಾಲ್ಕನೆಯದು ಜಾರಿತು.
'ಎಷ್ಟಕ್ಕಾ?'
ನಾನ್ನೂರು ಅಂದಿದ್ದರೆ ಮುನ್ನೂರೈವತ್ತು ಎಣಿಸುತ್ತಿದ್ದ.

ಇದು ಮಾರೋದಲ್ಲ, ಅಂದೆ.

ನಮ್ಮ ಸಣ್ಣಮಾವ ಹಾಲೋ ಬ್ಲಾಕು ಇಟ್ಟವನು.
ಮರವಾದರೆ ಕಿರುಗುಟ್ಟಿಯಾದರೂ ಹೇಳುತ್ತೆ,
ಬ್ಲಾಕು ಒಂದು ಮಾತೂ ಆಡದೆ ಪುಡಿಯಾಗುತ್ತೆ.
ಅವತ್ತು ಬಿಚ್ಚಿದ ಚಕ್ರವನ್ನು ಅತ್ತೆ
ಕಾಲಿಗೆ ಅಡ್ಡ ಅಂತ ಗಾಡಿಯಡಿಗೆ ನೂಕಿದ್ದಳು.
ಬಿದ್ದ ಅಂಬಾಸಡರು ಆ ಚಕ್ರದ ಮೇಲೆ ಕೂತಿತು.
ಮಾವನ ಎದೆಗೂ ಅದಕ್ಕೂ ನಡುವೆ
ಒಂದು ಗೇಣು ಗಾಳಿ ಉಳಿಯಿತು.
ಈಗಲೂ ಅವನು ಮಂಚದಡಿ ಹೋದ ಚಪ್ಪಲಿಗೆ ಬಗ್ಗುವುದಿಲ್ಲ,
ಕೋಲಲ್ಲಿ ಎಳೆಯುತ್ತಾನೆ.

ಕೇಳು ಓಬಳೇಶ, ಜಾಕು ಎತ್ತೋಕಷ್ಟೇ.
ಎತ್ತಿದ್ದನ್ನ ಹೊರೋದು ಬೇರೆಯವರ ಕೆಲಸ.
ಹೊಸದೇ ತಗೋ. ಕಾಲು ಅಗಲ ಇರಲಿ,
ಹೊರೆ ಹೊತ್ತು ನಿಂತವಳ ಹಾಗೆ.
ಹಲ್ಲಿನ ಜೊತೆ ಅಡ್ಡ ಪಿನ್ನೂ ಇರಲಿ,
ಒಂದು ಮರೆತರೆ ಇನ್ನೊಂದು ನೆನಪಿಟ್ಟುಕೊಳ್ಳುತ್ತೆ.
ಡಬ್ಬಿ ಮೇಲೆ ಮೂರು ಟನ್ ಅಂತ ಬರೆದಿದ್ದರೆ
ಒಂದಕ್ಕೋ ಜೊತೆಗೋ ಅಂತ ಕೇಳು.
ಜೊತೆಗೆ ಅಂದರೆ ಒಂದೊಂದರ ಪಾಲು ಅರ್ಧವೇ,
ಒಂದು ಜಾರಿದರೆ ಅಷ್ಟೂ ಇನ್ನೊಂದರ ತಲೆಗೆ.
ಸಂಸಾರ ಮಾಡ್ದೋಳು ನಾನು, ನಂಗೊತ್ತು.
ಬರೀ ಮಣ್ಣಿನ ಮೇಲೆ ನಿಲ್ಲಿಸಬೇಡ, ಇಳಿಜಾರಂತೂ ಬೇಡ.
ನೆಲದ ಚಕ್ರಗಳಿಗೆ ಅಡೆ ಕೊಡು.
ಬಿಚ್ಚಿದ ಚಕ್ರ ಅಡಿಗೇ ಇರಲಿ, ನಮ್ಮತ್ತೆ ಹೆಸರಿಗೆ.
ತೂರುವ ಮುಂಚೆ ಭುಜ ಕೊಟ್ಟು ಒಮ್ಮೆ ಅಲ್ಲಾಡಿಸು,
ಬೀಳೋದಿದ್ದರೆ ನೀನು ಹೊರಗಿದ್ದಾಗಲೇ ಬೀಳಲಿ.

ಮುಖ ಸಣ್ಣಗೆ ಮಾಡ್ಕೊಂಡು ಹೋದ.
ಆ ಜೊತೆಯನ್ನು ಗ್ಯಾಸ್ ಕಟರಿನವನಿಗೆ ಕೊಟ್ಟು ಕೊಯ್ಸಿದೆ,
ಇನ್ನೊಬ್ಬರ ಕಣ್ಣಿಗೆ ಸ್ಟ್ಯಾಂಡಿನ ಹಾಗೆ ಕಾಣದಿರಲಿ ಅಂತ.
ಹನ್ನೊಂದು ಕಿಲೋ ತೂಗಿತು.

ಭಾನುವಾರ ಕಳೆಯಿತು. ಸೋಮವಾರ
ಪಿಗ್ಮಿಯ ಹೊತ್ತು ಮೀರುತ್ತಾ ಬಂತು,
ಮೆದೇಹಳ್ಳಿ ರಸ್ತೆ ಕಡೆಯಿಂದ ಸದ್ದೇ ಇಲ್ಲ.
ಎದುರಿಗೆ ಗಿರಾಕಿ ನಿಂತಿದ್ದ,
ಕೈಯಲ್ಲಿ ಐದು ಕಿಲೋದ ಬಟ್ಟು ಹಿಡಿದು
ತಕ್ಕಡಿಗಿಡುವುದನ್ನು ಮರೆತಿದ್ದೆ.

'ಐವತ್ತು ರೂಪಾಯಿ, ಅಕ್ಕಾ.'
ಗಾಡಿ ಯಾವಾಗ ಬಂದು ನಿಂತಿತೋ
ಕೇಳಿಸಿರಲೇ ಇಲ್ಲ.
ಹರಿದು ಕೊಟ್ಟ ರಸೀದಿಯ ಮೂಲೆಯಲ್ಲಿ
ಗ್ರೀಸಿನ ಹೆಬ್ಬೆಟ್ಟು.