ಕಾಲಂ ಹನ್ನೊಂದು: ವಾದ್ಯಗಳ ವಿವರ

ಮೂರನೇ ಸಲ ಬಂದಿದ್ದೇನೆ, ಅದೇ ಬೆಂಚು.
ಪಕ್ಕದಲ್ಲಿ ಎಬಿನೇಜರ್, ಮೊಣಕಾಲ ಮೇಲೆ ಬೆರಳಾಡಿಸುತ್ತ
ಒಳಗಿನ ಠಸ್ಸೆಗೆ ತಾಳ ಹಾಕುತ್ತಿದ್ದಾನೆ.
"ಅಕ್ಕಾ, ಇವರು ಐದು ಹೊಡೀತಾರೆ. ಆರನೇದು ಟೀ."

ಅರ್ಜಿ ಹದಿನಾಲ್ಕು ಪುಟ.
ಮೈದಾನಕ್ಕೆ ಮೂವತ್ತು ಸಾವಿರ ಜನ ಸೇರಿಸುವವರಿಗೂ ಇದೇ,
ಲಿಂಗರಾಜಪುರದ ಬೇಕರಿ ಮೇಲಿನ ಮಹಡಿಯಲ್ಲಿ
ನಲವತ್ತೆರಡು ಕುರ್ಚಿ ಇಟ್ಟ ನನಗೂ ಇದೇ.
ಕಾಲಂ ಆರು, ಆ್ಯಂಬುಲೆನ್ಸ್ ನಿಲ್ಲುವ ಜಾಗ.
ನಮ್ಮ ಓಣಿಯಲ್ಲಿ ಎರಡು ಸ್ಕೂಟರ್ ಎದುರಾದರೆ
ಒಂದು ಯಾರದೋ ರಂಗೋಲಿ ತುಳಿಯಬೇಕು.
ಕಾಲಂ ಒಂಬತ್ತು, ಗಣ್ಯರ ದ್ವಾರ.
ಇಲ್ಲ ಅಂತ ಬರೆದೆ.
"ಇಲ್ಲ ಅನ್ನಬಾರದು, 'ಅನ್ವಯಿಸುವುದಿಲ್ಲ' ಅನ್ನಿ"
ಅಂದರು ಗುಮಾಸ್ತ ಮರಿಗಂಗಯ್ಯ. ಒಳ್ಳೆಯವರೇ.

ಹನ್ನೊಂದಕ್ಕೆ ಬಂದಾಗ ಕನ್ನಡಕ ಹಣೆಗೇರಿತು.
"ಕಹೋನ್ ಅಂದ್ರೇನಮ್ಮ?"
ಮರದ ಪೆಟ್ಟಿಗೆ ಸಾರ್. ಮೇಲೆ ಕೂತು ಬಾರಿಸೋದು.
"ಕೂರೋದೋ, ಬಾರಿಸೋದೋ?
ಕೂರೋದಾದರೆ ಪೀಠೋಪಕರಣ. ಅದು ಕಾಲಂ ಎಂಟು."
ಈ ತಿಂಗಳಲ್ಲಿ ಮೊದಲ ಸಲ
ಎಬಿನೇಜರ್ ನಕ್ಕ.

ನಾನು ನಿಯಮದ ವೈರಿಯಲ್ಲ.
ಮೆಟ್ಟಿಲು ಒಂದೇ, ಕಿರಿದು, ನನಗೂ ಗೊತ್ತು.
ಒಂದು ರಾತ್ರಿ ಆಂಪ್ಲಿಫೈಯರ್ ಹಿಂದೆ ವೈರು ಕರಗಿ ಹೊಗೆಯೆದ್ದಾಗ
ತಲೆ ಎಣಿಸುತ್ತ ಎಲ್ಲರನ್ನೂ ಇಳಿಸಿದವಳು ನಾನೇ.
ನಲವತ್ತೊಂದಕ್ಕೆ ಎಣಿಕೆ ನಿಂತ ಆ ಗಳಿಗೆ
ಇನ್ನೂ ನನ್ನ ಎದೆಯ ಮೆಟ್ಟಿಲಿಳಿದಿಲ್ಲ.
ಕಡೆಯವನು ಮೊದಲೇ ಇಳಿದು
ಕೆಳಗೆ ಪಫ್ಸ್ ತಿನ್ನುತ್ತಿದ್ದ.
ಹಿಂದಿನ ಮನೆಯ ರೋಸಲಿನ್ ಆಂಟಿ, ಡಯಾಲಿಸಿಸ್ ಆದ ದಿನ
ಬಾಸ್ ಗಿಟಾರು ಗೋಡೆ ದಾಟಿ ಮೂಳೆಗೆ ಬರುತ್ತದೆ ಮಗಳೇ, ಎಂದಾಗ
ಮಂಗಳವಾರ, ಶುಕ್ರವಾರ ಬೀಗ ಹಾಕಿದೆ.
ಅದನ್ನು ಬರೆಯಲು ಇಲ್ಲಿ ಕಾಲಂ ಇಲ್ಲ.

ತೊಡಕೆಲ್ಲ ಓಸಿಯದು.
ಕಟ್ಟಡ ಕಟ್ಟಿದವನು ಸತ್ತು ಹತ್ತೊಂಬತ್ತು ವರ್ಷ,
ಪ್ಲಾನು ಅವನ ಜೊತೆಗೇ ಹೋಯಿತು.
ಓಣಿಯಲ್ಲಿ ಯಾರಿಗೂ ಇಲ್ಲ. ಬೇಕರಿಗಿಲ್ಲ, ಟ್ಯೂಷನ್ನಿಗಿಲ್ಲ.
ಬನ್ನು ಬೇಯಬಹುದು, ಅರವತ್ತು ಮಕ್ಕಳು
ಕಿರುಚಿ ಮಗ್ಗಿ ಹೇಳಬಹುದು.
ರಾಗ ಎಳೆದರೆ ಮಾತ್ರ
ಕಟ್ಟಡಕ್ಕೆ ಜಾತಕ ಬೇಕು.

ರದ್ದಾದವು ಐದು ಸಂಜೆ. ಟಿಕೆಟ್ಟು ಮುನ್ನೂರು, ವಾಪಸು ಕೊಟ್ಟೆ.
ಸೌಂಡಿನ ಮುಬಾರಕ್ ವೈರು ಸುತ್ತಿಕೊಂಡು ಮದುವೆ ಛತ್ರಗಳ ದಾರಿ ಹಿಡಿದ.
ಬಿಡುವಿನಲ್ಲಿ ಅರವತ್ತು ಮೊಟ್ಟೆ ಪಫ್ಸ್ ಮಾರುತ್ತಿದ್ದ ಕುಂಞಿಕಣ್ಣನ್
ಈಗ ನನ್ನ ಕಂಡರೆ ಲೆಕ್ಕಪುಸ್ತಕ ತಿರುವುತ್ತಾನೆ, ಏನೂ ಹೇಳುವುದಿಲ್ಲ.
ಎಬಿನೇಜರ್ ಎರಡು ಸಿಂಬಲ್ ಮಾರಿದ.
ಮೂರನೆಯದರಲ್ಲಿ ಬಿರುಕು, ಯಾರೂ ಕೊಳ್ಳಲಿಲ್ಲ.
ನನಗೆ ಆ ಬಿರುಕಿನ ಸದ್ದೇ ಇಷ್ಟ,
ಹಂಚಿನ ಮೇಲೆ ಬಿದ್ದ ನೀರು ಚುರ್ ಎಂದ ಹಾಗೆ.

ಬೆಳಿಗ್ಗೆ ಒಬ್ಬ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ,
ಪ್ಲಾಸ್ಟಿಕ್ ಹೊದ್ದ ದಪ್ಪ ಕಡತ.
ಮೈದಾನದ ಕಡೆಯವನು. ಬೆಂಚಿನ ಮೇಲೆ ಕೂರಲೇ ಇಲ್ಲ.
ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ.
ಹಸಿವು ಬಂತು.

ನಾಲ್ಕೂವರೆಗೆ ಕಡತ ಮರಳಿತು.
ಓಸಿಯ ಕಾಲಮ್ಮಿಗೆ ಕೆಂಪು ಸುತ್ತು, ಎರಡು ಸಲ ತಿದ್ದಿದ್ದು.
ಮರಿಗಂಗಯ್ಯ ನನ್ನ ಮುಖ ನೋಡಲಿಲ್ಲ,
ಪಂಖದ ರೆಗ್ಯುಲೇಟರ್ ತಿರುಗಿಸುತ್ತಿದ್ದರು.

ಮೆಟ್ಟಿಲಿಳಿಯುತ್ತ ಎಬಿನೇಜರ್ ಪುಟ ತಿರುವಿದ, ನಿಂತ.
ಹನ್ನೊಂದರಲ್ಲಿ ನನ್ನ ಅಕ್ಷರದ ಮೇಲೆ ಗೀಟು,
ಕೆಳಗೆ ಅವರದೇ ದುಂಡಗಿನ ಬರಹ:
ಮರದ ಪೆಟ್ಟಿಗೆ, ಒಂದು.
ಬಾರಿಸತಕ್ಕದ್ದು.